ನಿಮಗಿದು ಗೊತ್ತೇ? ಮಂಡಕಳ್ಳಿಯಿಂದ ಐದು ಕಿಲೋಮೀಟರ್ ಮೇಲಕ್ಕೆ ಮಂಜುಗಡ್ಡೆ!

ಡಿಸೆಂಬರ್ ಬಂತೆಂದರೆ ಕುವೆಂಪುನಗರ, ಸರಸ್ವತಿಪುರಂ, ವಿಜಯನಗರದ ಮನೆಗಳಿಗೆ ಫ್ರಾಂಕ್‌ಫರ್ಟಿನಿಂದಲೋ ಟೊರಾಂಟೊದಿಂದಲೋ ಒಂದು ಫೋನು ಬರುತ್ತದೆ: “ಅಮ್ಮಾ, ಫ್ಲೈಟ್ ಲೇಟು. ಡಿ-ಐಸಿಂಗ್ ಅಂತೆ, ರೆಕ್ಕೆ ತೊಳೀತಿದಾರೆ.” ದೇವನಹಳ್ಳಿಯಿಂದ ಮೈಸೂರಿಗೆ ಯಾವ ಫ್ಲೈಬಸ್ಸು ಸಿಕ್ಕೀತೆಂದು ಲೆಕ್ಕ ಹಾಕುತ್ತಾ ಕೂತ ಅಪ್ಪನಿಗೆ ಇದು ಅರ್ಥವಾಗುವುದಿಲ್ಲ. ಅಷ್ಟು ದೊಡ್ಡ ವಿಮಾನಕ್ಕೆ ಒಂದು ಪದರ ಹಿಮ ಏನು ಮಾಡೀತು? ಹಿಮವೇ ಬೀಳದ ದಿನವೂ ತೊಳೆಯುತ್ತಾರಂತಲ್ಲ, ಅದೇಕೆ? ತೊಳೆಯಬೇಕೋ ಬೇಡವೋ ಎಂದು ಹೇಳುವವರು ಯಾರು? ಈ ಸಲದ ಅಂಕಣದ ಸರಕು ಅದೇ.

◆ ಮೈಸೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.7 ಡಿಗ್ರಿ ಸೆಲ್ಸಿಯಸ್, 2012ರ ಜನವರಿ 16ರಂದು. ಬೆಂಗಳೂರಿನದು 7.8, ಅದೂ 1884ರ ಜನವರಿಯಲ್ಲಿ. ಹಾಗಾಗಿ ಮಂಡಕಳ್ಳಿ ನಿಲ್ದಾಣದಲ್ಲಿ ಡಿ-ಐಸಿಂಗ್ ಲಾರಿಗೆ ಕೆಲಸವಿಲ್ಲ. ಆದರೆ ನೇರ ಮೇಲಕ್ಕೆ ನೋಡಿ. ದಕ್ಷಿಣ ಭಾರತದ ಆಕಾಶದಲ್ಲಿ ಸುಮಾರು ಐದು ಕಿಲೋಮೀಟರ್ ಎತ್ತರಕ್ಕೆ, ಅಂದರೆ ಹದಿನಾರು ಸಾವಿರ ಅಡಿಯ ಆಸುಪಾಸಿನಲ್ಲಿ, ಉಷ್ಣಾಂಶ ಸೊನ್ನೆಗೆ ಇಳಿಯುತ್ತದೆ. ಮೈಸೂರಿಗೂ ಅದಕ್ಕೂ ಇರುವ ದೂರ ಶ್ರೀರಂಗಪಟ್ಟಣಕ್ಕಿಂತ ಕಡಿಮೆ. ಚೆನ್ನೈಗೋ ಹೈದರಾಬಾದಿಗೋ ಹೊರಟ ಎಟಿಆರ್-72 ವಿಮಾನ ಹಾರುವುದು ಹೆಚ್ಚುಕಡಿಮೆ ಆ ಎತ್ತರದಲ್ಲೇ. ಮುಂಗಾರಿನ ಮೋಡವೊಂದು ಅಡ್ಡ ಬಂದರೆ, ಕೆಳಗೆ ನಂಜನಗೂಡಿನಲ್ಲಿ ಜನ ಬೆವರು ಒರೆಸಿಕೊಳ್ಳುತ್ತಿರುವಾಗಲೇ ಮೇಲೆ ರೆಕ್ಕೆಯ ಅಂಚಿಗೆ ಐಸು ಹಿಡಿಯಬಹುದು.

◆ ಅದಕ್ಕೇ ಎಟಿಆರ್ ರೆಕ್ಕೆಯ ಮುಂದಂಚಿನಲ್ಲಿ ಕಪ್ಪು ರಬ್ಬರ್ ಪಟ್ಟಿ ಇರುವುದು. 2010ರಲ್ಲಿ ಮಂಡಕಳ್ಳಿಯ ಹೊಸ ಟರ್ಮಿನಲ್ ತೆರೆದು ಕಿಂಗ್‌ಫಿಷರ್ ವಿಮಾನ ಬಂದಿಳಿದಾಗಲೇ ಮೈಸೂರಿನವರು ಅದನ್ನು ನೋಡಿದ್ದಾರೆ. ಬಣ್ಣ ಹೋಗಿದೆ ಎಂದುಕೊಂಡವರೂ ಇರಬಹುದು. ಪಟ್ಟಿಯೊಳಗೆ ಗಾಳಿ ತುಂಬಿ ಉಬ್ಬಿಸಿದರೆ ಮೇಲೆ ಕೂತ ಐಸು ಸಿಡಿದು ಉದುರುತ್ತದೆ. ಪ್ರೊಪೆಲರ್‌ಗೆ ಮತ್ತು ಮುಂದಿನ ಗಾಜಿಗೆ ವಿದ್ಯುತ್ ಶಾಖ. ಪೈಲಟ್ ಕಿಟಕಿಯ ಹೊರಗೊಂದು ಚಿಕ್ಕ ಗೂಟವಿದೆ, ರಾತ್ರಿ ಅದಕ್ಕೆ ದೀಪವೂ ಉಂಟು. ವಿಮಾನದ ಉಳಿದೆಲ್ಲ ಕಡೆ ಐಸು ಕರಗಿದ ಮೇಲೆ ಕೊನೆಗೆ ಕರಗುವುದು ಇದರ ಮೇಲಿನದು. ಹಾಗೆಯೇ ಅದನ್ನು ರೂಪಿಸಿದ್ದಾರೆ. ಇಷ್ಟೆಲ್ಲ ಇದ್ದರೂ ಇವು ಹಾರಾಟದ ವೇಳೆಯ ಏರ್ಪಾಡು. ನೆಲದ ಮೇಲೆ ರಾತ್ರಿಯೆಲ್ಲ ನಿಂತು ಮೈತುಂಬ ಹಿಮ ಹೊದ್ದ ವಿಮಾನವನ್ನು ಈ ರಬ್ಬರ್ ಪಟ್ಟಿ ಸ್ವಚ್ಛ ಮಾಡಲಾರದು.

◆ ಅದನ್ನು ಲೆಕ್ಕಿಸದೆ ಹಾರಿದ್ದರ ಫಲ 2012ರ ಏಪ್ರಿಲ್ 2ರಂದು ಸೈಬೀರಿಯಾದ ಟ್ಯುಮೆನ್‌ನಲ್ಲಿ ಕಂಡಿತು. ಯುಟಿಏರ್ ಕಂಪನಿಯ ಎಟಿಆರ್-72, ನಮ್ಮ ಮಂಡಕಳ್ಳಿಗೆ ಬರುವ ಜಾತಿಯದೇ, ರಾತ್ರಿ ಬಯಲಿನಲ್ಲಿ ನಿಂತಿತ್ತು. ಬೆಳಿಗ್ಗೆ ಡಿ-ಐಸಿಂಗ್ ಮಾಡಿಸಲಿಲ್ಲ. ರನ್‌ವೇ ಕಡೆಗೆ ಸಾಗುವಾಗ ರೆಕ್ಕೆಯ ಮೇಲೆ ಹಿಮವಿರುವುದು ಸಿಬ್ಬಂದಿಯ ಕಣ್ಣಿಗೆ ಬಿದ್ದಿತ್ತೆಂದು ತನಿಖಾ ವರದಿ ಹೇಳುತ್ತದೆ. ಆದರೂ ಹಾರಿದರು. ಮೇಲೆದ್ದ ಸ್ವಲ್ಪ ಹೊತ್ತಿಗೇ ವಿಮಾನ ಕೆಳಗೆ ಬಿತ್ತು. ಒಳಗಿದ್ದ 43 ಮಂದಿಯಲ್ಲಿ 33 ಮಂದಿ ಸತ್ತರು.

◆ ಎಷ್ಟು ಹಿಮವಿದ್ದರೆ ಅಪಾಯ? ಭಾರದ ಮಾತೇ ಇಲ್ಲಿಲ್ಲ. ಮೇಲ್ಮೈ ಎಷ್ಟು ಒರಟಾಯಿತು ಎಂಬುದೇ ಲೆಕ್ಕ. ಮಧ್ಯಮ ದರ್ಜೆಯ ಉಪ್ಪುಕಾಗದದಷ್ಟು ಒರಟಾದ ಪದರ ರೆಕ್ಕೆಯ ಮೇಲೆ ಕೂತರೆ ಎತ್ತುವ ಬಲ ಶೇ 30ರವರೆಗೆ ತಗ್ಗಬಹುದು, ಗಾಳಿಯ ಎಳೆತ ಶೇ 40ರವರೆಗೆ ಏರಬಹುದು. ವಿಮಾನ ಸಾಮಾನ್ಯವಾಗಿ ಮೇಲೇಳುವ ವೇಗದಲ್ಲಿ ಮೂಗು ಎತ್ತಿದಾಗ ರೆಕ್ಕೆ ಅರ್ಧಕ್ಕೇ ಕೈಕೊಡುತ್ತದೆ. ಒಂದು ರೆಕ್ಕೆ ಮೊದಲು ಕೈಕೊಟ್ಟರೆ ವಿಮಾನ ಆ ಕಡೆಗೆ ಮಗುಚುತ್ತದೆ.

◆ ಹೀಗಾಗಿ ಜಗತ್ತಿನ ನಿಯಮ ಒಂದೇ ಸಾಲಿನದು: ರೆಕ್ಕೆ, ಬಾಲ, ಪ್ರೊಪೆಲರ್, ಎಂಜಿನ್ನಿನ ಬಾಯಿ, ಇವುಗಳಿಗೆ ಹಿಮ, ಐಸು, ಹೆಪ್ಪುಗಟ್ಟಿದ ಇಬ್ಬನಿ ಅಂಟಿಕೊಂಡಿದ್ದರೆ ಹಾರುವಂತಿಲ್ಲ. ಒಂದೆರಡು ವಿನಾಯಿತಿಗಳಿವೆ. ಇಂಧನ ತೊಟ್ಟಿಯ ಕೆಳಗೆ, ರೆಕ್ಕೆಯ ಅಡಿಭಾಗದಲ್ಲಿ, ಸುಮಾರು 3 ಮಿಲಿಮೀಟರ್‌ವರೆಗಿನ ಹೆಪ್ಪು ಅನೇಕ ವಿಮಾನಗಳಿಗೆ ಮಾಫಿ. ಒಡಲಿನ ಮೇಲೆ ತೆಳು ಪದರವಿದ್ದು, ಅಡಿಯ ಅಕ್ಷರ-ಗೆರೆಗಳು ಸ್ಪಷ್ಟ ಕಾಣುತ್ತಿದ್ದರೆ ಅದೂ ಸೈ. ಬೋಯಿಂಗ್ 737ರ ಕೆಲವು ಮಾದರಿಗಳ ರೆಕ್ಕೆಯ ಮೇಲೆ ಕಪ್ಪು ಗೆರೆ ಎಳೆದಿರುತ್ತಾರೆ. ಕೆಲವು ಷರತ್ತುಗಳಿಗೆ ಒಳಪಟ್ಟು ಆ ಗೆರೆಯೊಳಗಿನ ತೆಳು ಹೆಪ್ಪಿಗೆ ರಿಯಾಯಿತಿ, ದಾಟಿದರೆ ಇಲ್ಲ.

◆ ಅಮೆರಿಕದಲ್ಲಿ ಬಹಳ ಕಾಲ ಇನ್ನೊಂದು ವಿಚಿತ್ರ ವಿನಾಯಿತಿಯಿತ್ತು. ರೆಕ್ಕೆಯ ಮೇಲಿನ ಹೆಪ್ಪನ್ನು ತೆಗೆಯಬೇಕಿಲ್ಲ, ಉಜ್ಜಿ ನುಣುಪು ಮಾಡಿದರೆ ಸಾಕು! ಎಷ್ಟು ನುಣುಪಾದರೆ ನುಣುಪು ಎಂದು ಅಳೆಯುವ ಕೋಲು ಯಾರ ಬಳಿಯೂ ಇರಲಿಲ್ಲ. ಆ ನಿಯಮ ರದ್ದಾದದ್ದು 2010ರಲ್ಲಿ.

◆ “ಸೊನ್ನೆಗಿಂತ ಕೆಳಗೆ ಹೋದರೆ ತಾನೇ ಐಸು?” ಅಲ್ಲ. ಉಷ್ಣಮಾಪಕ ಹೇಳುವುದು ಗಾಳಿಯ ಮಾತು, ರೆಕ್ಕೆಯದಲ್ಲ. ಮೋಡವಿಲ್ಲದ, ಗಾಳಿಯಾಡದ ರಾತ್ರಿ ಬಯಲಿನಲ್ಲಿ ನಿಂತ ಲೋಹ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಂಡು ಸುತ್ತಲ ಗಾಳಿಗಿಂತ ಹೆಚ್ಚು ತಣ್ಣಗಾಗುತ್ತದೆ. ಗಾಳಿ 2 ಅಥವಾ 3 ಡಿಗ್ರಿ ಇರುವಾಗಲೇ ರೆಕ್ಕೆ ಬಿಳಿ ಬಣ್ಣಕ್ಕೆ ತಿರುಗಬಹುದು. ಜನವರಿಯಲ್ಲಿ ಊಟಿಗೆ ಹೋಗಿ, ಬೆಳಿಗ್ಗೆ ಕಾರಿನ ಮಾಡು ಬೆಳ್ಳಗಾಗಿದ್ದನ್ನು ಕಂಡ ಮೈಸೂರಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

◆ ಇನ್ನೂ ಸೋಜಿಗದ್ದು ಇದು. ಬೆಂಗಳೂರಿನ ಹಿತವಾದ ಬೆಳಗಿನಲ್ಲೂ ರೆಕ್ಕೆಗೆ ಹೆಪ್ಪು ಹಿಡಿಯಬಹುದು! ಯುರೋಪಿನಿಂದ ಒಂಬತ್ತು-ಹತ್ತು ಗಂಟೆ ಹಾರಿಬಂದ ವಿಮಾನ, ಮೈನಸ್ 50 ಡಿಗ್ರಿಯ ಗಾಳಿಯಲ್ಲಿ ಅಷ್ಟು ಹೊತ್ತು ಇದ್ದುಬಂದಿರುತ್ತದೆ. ಇಂಧನವಿರುವುದು ರೆಕ್ಕೆಯೊಳಗೇ. ಉಳಿದ ಇಂಧನ ಮೈನಸ್ ಹತ್ತೋ ಹದಿನೈದೋ ಡಿಗ್ರಿಗೆ ಇಳಿದಿದ್ದು, ಅದು ರೆಕ್ಕೆಯ ತಗಡಿಗೆ ತಾಗಿಕೊಂಡಿರುತ್ತದೆ. ಫ್ರಿಜ್ಜಿನಿಂದ ತೆಗೆದಿಟ್ಟ ನೀರಿನ ಬಾಟಲಿ ಬೆವರುತ್ತದಲ್ಲ, ಹಾಗೆಯೇ ತೇವದ ಗಾಳಿ ಬಂದು ರೆಕ್ಕೆಯ ಮೇಲೆ ಹನಿಗಟ್ಟುತ್ತದೆ. ವ್ಯತ್ಯಾಸವೆಂದರೆ ಇಲ್ಲಿ ಹನಿ ಹೆಪ್ಪೂ ಕಟ್ಟುತ್ತದೆ. ಹೊರಗೆ 15 ಡಿಗ್ರಿ ಇದ್ದರೂ ಇದು ಆಗಿರುವ ಉದಾಹರಣೆಗಳುಂಟು. ಬೆಚ್ಚನೆಯ ಇಂಧನ ತುಂಬಿಸಿದರೆ ಅಥವಾ ಬಿಸಿಲೇರುವವರೆಗೆ ಕಾದರೆ ತಾನಾಗಿ ಹೋಗುತ್ತದೆ. ನಮ್ಮ ಹವೆಗೆ ಸೂರ್ಯನೇ ಡಿ-ಐಸಿಂಗ್ ಲಾರಿ.

◆ ಈ ತಣ್ಣನೆ ಇಂಧನದ ಕುತಂತ್ರಕ್ಕೆ ಸಿಕ್ಕಿದ್ದು ಸ್ವೀಡನ್ನಿನಿಂದ ಹೊರಟ ಎಸ್‌ಎಎಸ್ ವಿಮಾನ, 1991ರ ಡಿಸೆಂಬರ್ 27ರಂದು. ರಾತ್ರಿ ರೆಕ್ಕೆಯ ಮೇಲೆ ಗಾಜಿನಂತೆ ಪಾರದರ್ಶಕ ಐಸು ಕಟ್ಟಿತ್ತು. ಬೆಳಿಗ್ಗೆ ಡಿ-ಐಸಿಂಗ್ ನಡೆಯಿತು, ಆದರೆ ಕಣ್ಣಿಗೆ ಕಾಣದ ಆ ಐಸು ಉಳಿದುಬಿಟ್ಟಿತು. ಮೇಲೇಳುವಾಗ ರೆಕ್ಕೆ ಬಾಗಿ ಐಸು ಬಿರಿದು, ಹಿಂದೆ ಬಾಲದ ಬಳಿಯಿದ್ದ ಎರಡೂ ಎಂಜಿನ್ನುಗಳ ಬಾಯಿಗೆ ಬಿತ್ತು. ಎರಡೂ ಕೆಟ್ಟವು. ಪೈಲಟ್ ಗಾಟ್ರೋರಾ ಎಂಬಲ್ಲಿ ಹೊಲದ ಮೇಲೆ ವಿಮಾನ ಇಳಿಸಿದರು. ಒಡಲು ಮೂರು ತುಂಡಾದರೂ 129 ಮಂದಿಯೂ ಬದುಕಿದರು. ಇಂಥ ಐಸನ್ನು ಪತ್ತೆ ಹಚ್ಚುವ ನಂಬಿಕಸ್ತ ಉಪಾಯ ಇಂದಿಗೂ ಒಂದಿದೆ: ಏಣಿ ಹತ್ತಿ ಕೈಯಿಂದ ಸವರಿ ನೋಡುವುದು. ಕೋಟ್ಯಂತರ ಬೆಲೆಯ ಯಂತ್ರದ ಹಣೆಬರಹ ಒಬ್ಬರ ಅಂಗೈ ಹೇಳುತ್ತದೆ.

◆ ಕೊನೆಯ ಮಾತು ಕ್ಯಾಪ್ಟನ್‌ನದು. ನೆಲದ ಸಿಬ್ಬಂದಿ ‘ತೊಳೆಯಬೇಕು’ ಎಂದರೆ ಹೆಚ್ಚಿನ ಕಂಪನಿಗಳಲ್ಲಿ ಕ್ಯಾಪ್ಟನ್ ಬೇಡವೆನ್ನುವುದಿಲ್ಲ; ಅವರು ‘ಬೇಡ’ ಎಂದರೂ ಆತ ‘ಬೇಕು’ ಎನ್ನಬಹುದು. ಅನುಮಾನ ಬಂದರೆ ತೊಳೆಯುವ ಕಡೆಗೇ ವಾಲುವುದು ರೂಢಿ. ಆದರೆ ಕಾಗದದ ಮೇಲಿನ ಅಧಿಕಾರ ಬೇರೆ, ಎಂಜಿನ್ ಓಡುತ್ತಾ ಗಡಿಯಾರ ಬಡಿಯುತ್ತಿರುವಾಗಿನ ಮನಸ್ಸು ಬೇರೆ. ಕೆನಡಾದ ಡ್ರೈಡನ್ ಎಂಬ ಚಿಕ್ಕ ಊರಿನ ಕಥೆ ಕೇಳಿ. 1989ರ ಮಾರ್ಚ್ 10. ಏರ್ ಒಂಟಾರಿಯೊದ ಫೋಕರ್ ಎಫ್-28 ಅಲ್ಲಿ ಇಳಿದು ಇಂಧನ ತುಂಬಿಸಿಕೊಳ್ಳುತ್ತಿದೆ, ಹಿಮ ಬೀಳುತ್ತಿದೆ. ವಿಮಾನ ಆಗಲೇ ತಡವಾಗಿದೆ. ಎಂಜಿನ್ನನ್ನು ಮತ್ತೆ ಚಾಲೂ ಮಾಡುವ ಬಾಲದ ಪುಟ್ಟ ಸಹಾಯಕ ಎಂಜಿನ್ ಕೆಟ್ಟಿದೆ. ಆ ನಿಲ್ದಾಣದಲ್ಲಿ ಹೊರಗಿನಿಂದ ಚಾಲೂ ಮಾಡಿಸುವ ಯಂತ್ರವೂ ಇಲ್ಲ. ಎಂಜಿನ್ ಓಡುತ್ತಿರುವಾಗ ಈ ವಿಮಾನಕ್ಕೆ ಡಿ-ಐಸಿಂಗ್ ಮಾಡಕೂಡದೆಂದು ನಿಯಮ. ಆರಿಸಿದರೆ ಪ್ರಯಾಣಿಕರೆಲ್ಲ ಅಲ್ಲೇ ಠಿಕಾಣಿ. ಕ್ಯಾಪ್ಟನ್ ಹೊರಟರು. ರನ್‌ವೇ ಮುಗಿಯುತ್ತಿದ್ದಂತೆ ಮರಗಳಿಗೆ ಬಡಿದು ವಿಮಾನ ಉರಿಯಿತು; 69 ಮಂದಿಯಲ್ಲಿ 24 ಮಂದಿ ಇಲ್ಲವಾದರು.

ಇದರಲ್ಲಿ ಮನಸ್ಸನ್ನು ಕೆಡಿಸುವುದು ಇನ್ನೊಂದು ಸಂಗತಿ. ರೆಕ್ಕೆಯ ಮೇಲಿನ ಹಿಮವನ್ನು ಗಗನಸಖಿ ಕಂಡಿದ್ದರು. ಪ್ರಯಾಣಿಕರಾಗಿ ಕೂತಿದ್ದ ಪೈಲಟ್‌ಗಳೂ ಕಂಡಿದ್ದರು. ಕಾಕ್‌ಪಿಟ್ಟಿಗೆ ಯಾರೂ ಹೇಳಲಿಲ್ಲ. ಅವರಿಗೆ ಗೊತ್ತಿರುತ್ತದೆ ಬಿಡು ಎಂಬ ಸಂಕೋಚ. ತನಿಖೆ ನಡೆಸಿದ ನ್ಯಾಯಮೂರ್ತಿ ವರ್ಜಿಲ್ ಮೊಶಾನ್ಸ್ಕಿ ಕ್ಯಾಪ್ಟನ್ ಒಬ್ಬರ ಮೇಲೆ ಹೊರೆ ಹೊರಿಸಿ ಫೈಲು ಮುಚ್ಚಲಿಲ್ಲ. ಕಂಪನಿ, ಸರ್ಕಾರಿ ಇಲಾಖೆ, ತರಬೇತಿ ಎಲ್ಲವನ್ನೂ ಜಾಲಾಡಿ 191 ಶಿಫಾರಸು ಮಾಡಿದರು. ಚಳಿಗಾಲದ ಹಾರಾಟದ ಇಂದಿನ ಶಿಸ್ತು ಬಹುಮಟ್ಟಿಗೆ ಆ ವರದಿಯ ಕೂಸು. ಅಂದಹಾಗೆ, ಈಗ ಕಿಟಕಿ ಪಕ್ಕ ಕೂತವರು ಅನುಮಾನ ಬಂದರೆ ಸಿಬ್ಬಂದಿಗೆ ಧಾರಾಳವಾಗಿ ಹೇಳಬಹುದು. ಯಾರೂ ಬೈಯುವುದಿಲ್ಲ.

◆ ಚಿಮುಕಿಸುವ ದ್ರವಕ್ಕೆ ಬಣ್ಣದ ಗುರುತುಂಟು. ಕಿತ್ತಳೆ ಬಣ್ಣದ್ದು ಟೈಪ್ 1: ಗ್ಲೈಕಾಲ್ ಮತ್ತು ನೀರಿನ ಮಿಶ್ರಣ, 60 ಡಿಗ್ರಿಗಿಂತ ಹೆಚ್ಚು ಬಿಸಿ ಮಾಡಿ ಒತ್ತಡದಿಂದ ಹೊಡೆಯುತ್ತಾರೆ. ಇರುವ ಐಸನ್ನು ಕರಗಿಸಿ ತಳ್ಳುವುದು ಇದರ ಕೆಲಸ. ಹಸಿರು ಬಣ್ಣದ್ದು ಟೈಪ್ 4: ಗಟ್ಟಿ, ಲೋಳೆ ಲೋಳೆ. ಹೊಸದಾಗಿ ಬೀಳುವ ಹಿಮವನ್ನು ಸ್ವಲ್ಪ ಹೊತ್ತು ತಡೆದು ನಿಲ್ಲಿಸುವುದು ಇದರ ಕೆಲಸ. ಅಂಟಿಕೊಂಡೇ ಇದ್ದರೆ ಇದೇ ರೆಕ್ಕೆಯನ್ನು ಒರಟು ಮಾಡದೇ? ಮಾಡುವುದಿಲ್ಲ. ಗಾಳಿ ಜೋರಾಗಿ ಉಜ್ಜಿದಂತೆ ತೆಳುವಾಗಿ ಹರಿದುಹೋಗುವಂತೆ ಅದನ್ನು ತಯಾರಿಸಿದ್ದಾರೆ. ರನ್‌ವೇ ಮೇಲೆ ವೇಗ ಏರುತ್ತಿದ್ದಂತೆ ಹಿಂದಕ್ಕೆ ಜಾರಿ ಬಿದ್ದುಹೋಗುತ್ತದೆ. ಕಿಟಕಿಯಿಂದ ನೋಡುವವರಿಗೆ ರೆಕ್ಕೆಯೇ ಬಣ್ಣ ಬಿಟ್ಟಂತೆ ಕಾಣುತ್ತದೆ.

◆ ತೊಳೆದ ಕ್ಷಣದಿಂದ ಇನ್ನೊಂದು ಗಡಿಯಾರ ಶುರು. ಸರಿಯಾಗಿ ಹೇಳಬೇಕೆಂದರೆ, ಕೊನೆಯ ಸುತ್ತಿನ ಸಿಂಪಡಣೆ ಮುಗಿದಾಗಲ್ಲ, ಆರಂಭವಾದಾಗ. ಸಾಧಾರಣ ಹಿಮಪಾತದಲ್ಲಿ ಟೈಪ್ 1ರ ರಕ್ಷಣೆ ಹತ್ತು ನಿಮಿಷದ ಆಸುಪಾಸು. ಟೈಪ್ 4ರದು ಅದರ ಹಲವು ಪಟ್ಟು. ಯಾವ ದ್ರವ, ಎಷ್ಟು ಚಳಿ, ಎಂಥ ಹಿಮ ಎಂಬುದರ ಮೇಲೆ ಅಮೆರಿಕ ಮತ್ತು ಕೆನಡಾದ ಸಂಸ್ಥೆಗಳು ವರ್ಷವರ್ಷವೂ ಕೋಷ್ಟಕ ಹೊರಡಿಸುತ್ತವೆ. ಅಲ್ಯೂಮಿನಿಯಂ ರೆಕ್ಕೆಗೊಂದು ಲೆಕ್ಕ, ಡ್ರೀಮ್‌ಲೈನರ್‌ನಂಥ ಕಾರ್ಬನ್ ರೆಕ್ಕೆಗೆ ಬೇರೆ ಲೆಕ್ಕ. ಕಾರ್ಬನ್ನಿಗೆ ಟೈಪ್ 1ರ ಸಮಯ ಕಡಿಮೆ. ಬಿದ್ದೊಡನೆ ಹೆಪ್ಪುಗಟ್ಟುವ ಜೋರು ಮಳೆಗೆ ಕೋಷ್ಟಕದಲ್ಲಿ ಸಮಯವೇ ಇಲ್ಲ. ಅಂದರೆ ಹೊರಡಬೇಡಿ.

◆ 1992ರ ಮಾರ್ಚ್ 22ರಂದು ನ್ಯೂಯಾರ್ಕಿನ ಲಾಗಾರ್ಡಿಯಾದಲ್ಲಿ ಯುಎಸ್ಏರ್ ವಿಮಾನಕ್ಕೆ ಎರಡು ಸಲ ಡಿ-ಐಸಿಂಗ್ ಮಾಡಿದ್ದರು. ಆಮೇಲೆ ಸರದಿಯಲ್ಲಿ ಕಾದದ್ದು ಸುಮಾರು 35 ನಿಮಿಷ. ಅಷ್ಟರಲ್ಲಿ ಮತ್ತೆ ಐಸು ಕಟ್ಟಿತು. 27 ಸಾವು. ಈಗ ಟೊರಾಂಟೊದಂಥ ನಿಲ್ದಾಣಗಳು ಡಿ-ಐಸಿಂಗ್ ಅಂಗಳವನ್ನು ಟರ್ಮಿನಲ್ ಬಿಟ್ಟು ದೂರಕ್ಕೆ ಒಯ್ದಿರುವುದು, ಒಟ್ಟಿಗೆ ಹಲವು ವಿಮಾನ ತೊಳೆಯುತ್ತಿರುವುದು ಈ ಕಾರಣಕ್ಕೇ. ಮಗ ಫೋನಿನಲ್ಲಿ “ಗೇಟು ಬಿಟ್ಟು ಮತ್ತೆ ನಿಲ್ಲಿಸಿದಾರೆ” ಅನ್ನುವುದು ಇದನ್ನೇ.

◆ ಅತಿಜಾಣತನದ ಉಪಾಯಕ್ಕೆ ಉದಾಹರಣೆ ಬೇಕೆ? 1982ರ ಜನವರಿ 13, ವಾಷಿಂಗ್ಟನ್. ಏರ್ ಫ್ಲೋರಿಡಾದ ಬೋಯಿಂಗ್ 737 ತೊಳೆಸಿಕೊಂಡ ಮೇಲೆ ಮುಕ್ಕಾಲು ಗಂಟೆಗೂ ಹೆಚ್ಚು ಹಿಮದಲ್ಲಿ ಕಾದಿತ್ತು. ಮುಂದಿದ್ದ ವಿಮಾನದ ಎಂಜಿನ್ನಿನ ಬಿಸಿ ಹೊಗೆಗೆ ಮೈಯೊಡ್ಡಿದರೆ ಹಿಮ ಕರಗೀತೆಂದು ಪೈಲಟ್‌ಗಳು ಅದರ ಹಿಂದೆಯೇ ಹತ್ತಿರ ನಿಂತರು. ಎಂಜಿನ್ನಿನ ಐಸು-ನಿವಾರಕ ಸ್ವಿಚ್ಚು ಮಾತ್ರ ಹಾಕಿರಲಿಲ್ಲ. ಎಂಜಿನ್ ಬಾಯಿಯ ಅಳತೆಗೊಳವೆಗೆ ಐಸು ಕಟ್ಟಿ, ಇರುವುದಕ್ಕಿಂತ ಹೆಚ್ಚು ಶಕ್ತಿ ತೋರಿಸಿತು. ವಿಮಾನ ಸೇತುವೆಗೆ ಬಡಿದು ಪೊಟೊಮ್ಯಾಕ್ ನದಿಗೆ ಬಿತ್ತು. ಸೇತುವೆಯ ಮೇಲಿದ್ದ ನಾಲ್ವರೂ ಸೇರಿ 78 ಮಂದಿ ಸತ್ತರು.

◆ ಹಾಗಂತ ಸುಮ್ಮಸುಮ್ಮನೆ ತೊಳೆಯುವುದೂ ಒಳ್ಳೆಯದಲ್ಲ. ಲೋಳೆ ದ್ರವವನ್ನೇ ಪದೇಪದೇ ಹಾಕಿ, ಬಿಸಿ ಟೈಪ್ 1ರಿಂದ ತೊಳೆಯದಿದ್ದರೆ, ಅದು ರೆಕ್ಕೆಯ ಸಂದುಗಳಲ್ಲಿ ಒಣಗಿ ಪುಡಿಯಾಗಿ ಕೂರುತ್ತದೆ. ಮಳೆ ಬಂದಾಗ ನೀರು ಕುಡಿದು ಉಬ್ಬುತ್ತದೆ, ಮೇಲೆ ಹೋದಾಗ ಗಡ್ಡೆಯಾಗುತ್ತದೆ, ಚಲಿಸಬೇಕಾದ ಪಟ್ಟಿಗಳು ಬಿಗಿದುಕೊಳ್ಳುತ್ತವೆ. ಯುರೋಪಿನಲ್ಲಿ ಇಂಥ ಘಟನೆಗಳಾದ ಮೇಲೆ ಸಂದು ಪರೀಕ್ಷೆಗೆ ಬೇರೆ ಪದ್ಧತಿಯೇ ಬಂತು.

◆ ಜನವರಿಯ ಬೆಳಿಗ್ಗೆ ದೇವನಹಳ್ಳಿಯಲ್ಲಿ ವಿಮಾನ ತಡವಾದರೆ ಕಾರಣ ಐಸಲ್ಲ, ಕಾವಳ. ರನ್‌ವೇ ಮೇಲೆ ಎಷ್ಟು ಮೀಟರ್ ಕಾಣುತ್ತದೆಂದು ಅಳೆಯುವ ‘ದೃಷ್ಟಿ’ ಎಂಬ ಉಪಕರಣ ಬೆಂಗಳೂರಿನ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್‌ನಲ್ಲೇ ಹುಟ್ಟಿದ್ದು, ದೇಶದ ಹಲವು ನಿಲ್ದಾಣಗಳಲ್ಲಿದೆ. ನಿಜವಾದ ಹಿಮದ ತಾಪತ್ರಯ ನಮ್ಮ ದೇಶದಲ್ಲಿ ಶ್ರೀನಗರ, ಲೇಹ್ ಕಡೆಗೆ.

◆ ಮೈಸೂರಿನ ಹವೆಯಲ್ಲೇ ಐಸು ಕಟ್ಟುವ ಒಂದು ಜಾಗವಿದೆ: ಪುಟ್ಟ ತರಬೇತಿ ವಿಮಾನಗಳ ಕಾರ್ಬುರೇಟರ್. ಪೆಟ್ರೋಲು ಆವಿಯಾಗುವಾಗ ಮತ್ತು ಗಾಳಿ ಕಿರಿದಾದ ಕಂಠದಲ್ಲಿ ನುಗ್ಗುವಾಗ ಅಲ್ಲಿನ ಉಷ್ಣಾಂಶ ಇಪ್ಪತ್ತು ಡಿಗ್ರಿಗೂ ಹೆಚ್ಚು ಕುಸಿಯಬಹುದು. ಹೊರಗೆ ತೇವದ 20 ಡಿಗ್ರಿ, ಒಳಗೆ ಸೊನ್ನೆ. ಅಂದರೆ ನಮ್ಮ ಆಷಾಢದ ಸಂಜೆಯೇ ಸಾಕು. ಅದಕ್ಕೇ ಕಾರ್ಬುರೇಟರ್ ಇರುವ ವಿಮಾನದಲ್ಲಿ ಕಲಿಯುವವರಿಗೆ ಅದಕ್ಕೆ ಬಿಸಿಗಾಳಿ ಕೊಡುವ ಗುಬುಟನ್ನು ಮೊದಲೇ ಪರಿಚಯ ಮಾಡಿಸುತ್ತಾರೆ.

◆ ಇಂಧನವೇ ಹೆಪ್ಪುಗಟ್ಟಿದರೆ? 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳ ತಂಡ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಉತ್ತರ ಧ್ರುವದ ಮೇಲಿಂದ ಹಾರಿಬಂತಲ್ಲ, ಅಂಥ ದಾರಿಯಲ್ಲಿ ಇದು ನಿಜವಾದ ಚಿಂತೆ. ಅಮೆರಿಕದಲ್ಲಿ ತುಂಬಿಸುವ ಇಂಧನ ಮೈನಸ್ 40ಕ್ಕೆ ಹೆಪ್ಪುಗಟ್ಟತೊಡಗಬಹುದು, ನಮ್ಮಲ್ಲಿಯದು ಮೈನಸ್ 47ಕ್ಕೆ. ತೊಟ್ಟಿ ತೀರಾ ತಣ್ಣಗಾದರೆ ಪೈಲಟ್ ಬೆಚ್ಚನೆಯ ಗಾಳಿಯಿರುವ ಎತ್ತರಕ್ಕೆ ಸರಿಯಬೇಕು, ಇಲ್ಲವೇ ವೇಗ ಹೆಚ್ಚಿಸಬೇಕು. ಗಾಳಿಯ ಉಜ್ಜಾಟವೇ ಬಿಸಿ ಕೊಡುತ್ತದೆ.

◆ ಮೋಡದೊಳಗಿನ ನೀರಹನಿ ಸೊನ್ನೆಗೆ ಹೆಪ್ಪುಗಟ್ಟಲೇಬೇಕೆಂದಿಲ್ಲ. ಶುದ್ಧವಾಗಿದ್ದರೆ ಹೆಚ್ಚುಕಡಿಮೆ ಮೈನಸ್ 40ರವರೆಗೆ ನೀರಾಗಿಯೇ ಉಳಿಯಬಲ್ಲದು, ರೆಕ್ಕೆ ತಾಗಿದ ಕೂಡಲೇ ಐಸು. ಪ್ರಯಾಣಿಕ ವಿಮಾನ ಈ ಮೋಡಗಳಿಂದ ದೂರ ಓಡುತ್ತದೆ. ಮೋಡ ಬಿತ್ತನೆಯ ವಿಮಾನ ಇವನ್ನೇ ಹುಡುಕಿಕೊಂಡು ಹೋಗುತ್ತದೆ. ಸಿಲ್ವರ್ ಅಯೊಡೈಡ್ ಹರಳು ಐಸಿನ ಹರಳನ್ನು ಹೋಲುವುದರಿಂದ ಅಂಥ ಹನಿಗಳು ಅದನ್ನೇ ನಂಬಿ ಗಟ್ಟಿಯಾಗುತ್ತವೆ. ಕರ್ನಾಟಕ ಸರ್ಕಾರ 2003ರಲ್ಲಿ ‘ವರುಣ’, 2017ರಲ್ಲಿ ‘ವರ್ಷಧಾರೆ’ ಹೆಸರಿನಲ್ಲಿ ಮೋಡ ಬಿತ್ತನೆ ಮಾಡಿಸಿತು. ಎಷ್ಟು ಮಳೆ ಅದರಿಂದ ಬಂತು, ಎಷ್ಟು ತಾನಾಗಿ ಬರುತ್ತಿತ್ತು ಎಂಬ ಜಗಳ ಬೇರೆ. ಸಿಲ್ವರ್ ಅಯೊಡೈಡಿನ ಈ ಗುಣವನ್ನು 1946ರಲ್ಲಿ ಕಂಡವರು ಬರ್ನಾರ್ಡ್ ವಾನೆಗಟ್, ಕಾದಂಬರಿಕಾರ ಕರ್ಟ್ ವಾನೆಗಟ್ ಅವರ ಅಣ್ಣ.

◆ ರೆಕ್ಕೆಗೆ ಹೊಡೆಯುವ ದ್ರವದಲ್ಲಿ ಹೆಚ್ಚಾಗಿ ಇರುವ ಪ್ರೊಪಿಲೀನ್ ಗ್ಲೈಕಾಲ್ ನಮ್ಮ ಹೊಟ್ಟೆಗೂ ಹೋಗಿದೆ. ಕೆಮ್ಮಿನ ಸಿರಪ್ಪು, ಬಣ್ಣ-ಸುವಾಸನೆಯ ದ್ರಾವಣಗಳಲ್ಲಿ ಮಿತಿಯೊಳಗೆ ಬಳಸಲು ಅನುಮತಿಯುಂಟು. ಚೆಲುವಾಂಬ ಮ್ಯಾನ್ಷನ್ನಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳಿಗೆ ಇದು ದಿನಬಳಕೆಯ ಹೆಸರು. ಅದರ ದಾಯಾದಿ ಎಥಿಲೀನ್ ಗ್ಲೈಕಾಲ್ ಕೂಡ ಡಿ-ಐಸಿಂಗಿಗೆ ಬಳಕೆಯಲ್ಲಿದೆ, ರುಚಿ ಸಿಹಿ, ಆದರೆ ವಿಷ. ಎರಡರಲ್ಲಿ ಯಾವುದೇ ಆಗಲಿ ಕೆರೆ-ಹೊಳೆಗೆ ಹರಿದರೆ ಅದನ್ನು ಜೀರ್ಣಿಸಲು ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನೆಲ್ಲ ಎಳೆದುಕೊಂಡು ಮೀನುಗಳನ್ನು ಸಾಯಿಸುತ್ತವೆ. ಹಾಗಾಗಿ ದೊಡ್ಡ ನಿಲ್ದಾಣಗಳಲ್ಲಿ ತೊಳೆದ ಅಂಗಳಕ್ಕೆ ಪ್ರತ್ಯೇಕ ಚರಂಡಿ. ಬೆಂಗಳೂರಿಗೆ ನೇರ ವಿಮಾನವಿರುವ ಮ್ಯೂನಿಕ್‌ನಲ್ಲಂತೂ ಚೆಲ್ಲಿದ ದ್ರವವನ್ನು ಬಳಿದು, ಸೋಸಿ, ಗ್ಲೈಕಾಲನ್ನು ಬೇರ್ಪಡಿಸಿ ಅಲ್ಲೇ ಹೊಸ ದ್ರವ ತಯಾರಿಸುತ್ತಾರೆ. ಈ ವಾರ ಮಗಳ ವಿಮಾನದ ರೆಕ್ಕೆ ತೊಳೆದದ್ದು ಹೋದ ತಿಂಗಳು ಇನ್ನಾರದೋ ವಿಮಾನ ತೊಳೆದು ಬಂದದ್ದೇ ಇದ್ದೀತು.